ಸ್ವಾಮಿ ಬರೂತನಕ

ನಾನು ಸಣ್ಣವಳಿದ್ದ ಆ ವರ್ಷಗಳಲ್ಲಿ ಬನಹಟ್ಟಿಯ ನಮ್ಮ ಓಣಿಯಲ್ಲಿ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಕೇಳಬೇಕೆಂದರೆ ಕರೆಂಟು ಹೋಗಬೇಕಾಗಿತ್ತು. ಎಡಕ್ಕೂ ಪಾವರ್‌ಲೂಮು, ಬಲಕ್ಕೂ ಪಾವರ್‌ಲೂಮು. ಬೇರೆ ಊರಿನ ನೆಂಟರು ಬಂದರೆ ಮೊದಲ ದಿನ ತಲೆ ಹಿಡಿದುಕೊಂಡು ಕೂಡುತ್ತಿದ್ದರು. ನಮಗೆ ಮಾತ್ರ ಆ ಖಟಖಟ ನಿಂತಾಗಲೇ ಎಚ್ಚರವಾಗುತ್ತಿತ್ತು. ಗಂಜಿ ಹಾಕಿದ ನೂಲಿನ ಹುಳಿ ವಾಸನೆ, ಬಣ್ಣದ ವಾಸನೆ, ಯಾರದೋ ಮನೆಯಲ್ಲಿ ಶೇಂಗಾ ಹುರಿಯುವ ವಾಸನೆ ಎಲ್ಲ ಕಲೆತು ಓಣಿ ತುಂಬಿರುತ್ತಿತ್ತು. ನನ್ನ ಓರಗೆಯವರು ಇದನ್ನು ಓದಿದರೆ ಅವರ ಮೂಗಿಗೂ ಆ ವಾಸನೆ ಬಂದೇ ಬರುತ್ತದೆ.

ಆ ಓಣಿಯಲ್ಲಿ ಕಥೋಲಿಕರ ಮನೆ ನಮ್ಮದೊಂದೇ. ಅಪ್ಪ ಪಾವರ್‌ಲೂಮಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಅವ್ವ ಅಂಗನವಾಡಿಯಲ್ಲಿದ್ದಳು. ಮನೆಯ ಯಜಮಾನಿಕೆ ಮಾತ್ರ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ, ಲೂಸವ್ವ. ಐದಡಿ ಎತ್ತರವಿಲ್ಲದ ಆ ಮುದುಕಿ ಸಂಜೆ ಏಳಕ್ಕೆ ಗೋಡೆಯ ಮೇಲಿನ ಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚಿ ಜಪಮಾಲೆ ಕೈಗೆ ತಗೊಂಡರೆ ಯಾರೂ ಕದಲುವಂತಿರಲಿಲ್ಲ. "ನಮೋ ಮರಿಯಾ" ಎಂದು ಅರ್ಧ ಆಯಿ ಹೇಳುವುದು, ಉಳಿದರ್ಧ ನಾವು ಹೇಳುವುದು. ಮಗ್ಗದ ಸದ್ದನ್ನು ಮೀರಿಸಬೇಕೆಂದು ಆಯಿ ಗಂಟಲು ಏರಿಸಿಯೇ ಹೇಳುತ್ತಿದ್ದಳು. ನಡುವೆ ಕರೆಂಟು ಹೋಯಿತೋ, ಆಯಿಯ ದನಿ ಒಮ್ಮೆಲೇ ಇಡೀ ಓಣಿಗೆ ಕೇಳುತ್ತಿತ್ತು. ಆಗ ಬಾಜೂಮನೆಯ ಗಂಗಾ ಕಾಕು ಗೋಡೆಯ ಆಚೆಯಿಂದ "ಆಮೆನ್ ಲೂಸಕ್ಕಾ, ಆಮೆನ್!" ಎಂದು ಕೂಗುತ್ತಿದ್ದಳು. ನಾವು ಮಕ್ಕಳಷ್ಟೇ ಅಲ್ಲ, ಅಪ್ಪನೂ ನಗು ತಡೆದುಕೊಳ್ಳಲಾರದೆ ತಲೆ ಬಗ್ಗಿಸುತ್ತಿದ್ದ. ಆಯಿ ಮಾತ್ರ ಮುಂದಿನ ಮಣಿಗೆ ಹೋಗುತ್ತಿದ್ದಳು.

ಗಂಗಾ ಕಾಕು ಲಿಂಗಾಯತರ ಮನೆಯವಳು. ಹಣೆಗೆ ದಿನಾ ವಿಭೂತಿ ಹಚ್ಚುವವಳು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದ ಮೊದಲ ದಿನ, ವಿಭೂತಿ ಬುಧವಾರ, ನಾವು ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು ಬಂದರೆ ಬಾಗಿಲಲ್ಲೇ ಹಿಡಿದು ನಿಲ್ಲಿಸುತ್ತಿದ್ದಳು.

"ಇವತ್ತೊಂದ ದಿನ ನೀವೂ ನಮ್ಮಂಗ ಆದ್ರೆಲ್ಲ ಲೂಸಕ್ಕಾ. ನಾಳಿಗಿ ಮತ್ತ ಒರಸ್ಕೋತೀರಿ."

"ನೀ ದಿನಾ ಹಚಗೊಂಡ ದಿನಾ ಜಗಳಾ ಆಡ್ತಿ. ನಾ ವರ್ಷಕ್ಕೊಮ್ಮಿ ಹಚಗೊಂಡ ನಲವತ್ತ ದಿನಾ ಸುಮ್ಮಿರ್ತೇನಿ" ಎಂದು ಆಯಿ ತಿರುಗಿಸಿ ಕೊಡುತ್ತಿದ್ದಳು.

ಆ ನಲವತ್ತು ದಿನ ಆಯಿ ಎಲೆ-ಅಡಿಕೆ ಮುಟ್ಟುತ್ತಿರಲಿಲ್ಲ. ಅದು ಸಣ್ಣ ಮಾತಲ್ಲ. ಉಳಿದ ದಿನಗಳಲ್ಲಿ ಬಾಯಲ್ಲಿ ಎಲೆಯಿಲ್ಲದ ಆಯಿಯನ್ನು ನೋಡಿದವರಿಲ್ಲ. ನಮ್ಮ ಮನೆಯಲ್ಲಿ ಮಾಂಸವೂ ಬಂದ್. ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮತ್ತೆ ಅದೇ ರೊಟ್ಟಿ. ನಾನು ಬೆಲ್ಲ ಬಿಟ್ಟಿದ್ದೆ. ಮಹಾಲಿಂಗಪುರದಿಂದ ಹೊಸ ಬೆಲ್ಲ ಬರುವ ಕಾಲದಲ್ಲೇ ತಪಸ್ಸುಕಾಲವೂ ಬರುವುದು ದೇವರ ಅನ್ಯಾಯ ಎಂದು ನನಗೆ ಖಾತ್ರಿಯಾಗಿತ್ತು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ಆ ವರ್ಷದ ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ನನ್ನ ಮೊದಲ ಪರಮಪ್ರಸಾದ ಎಂದು ನಿಶ್ಚಯವಾಗಿತ್ತು. ಪೂಜೆಯಲ್ಲಿ ಯೇಸುವೆಂದೇ ನಂಬಿ ನಾಲಿಗೆಯ ಮೇಲೆ ತೆಗೆದುಕೊಳ್ಳುವ ತೆಳ್ಳನೆಯ ರೊಟ್ಟಿಯೇ ಆ ಪ್ರಸಾದ. ಫಾದರ್ ಇದ್ದದ್ದು ಮುಧೋಳದಲ್ಲಿ. ತಿಂಗಳಿಗೊಮ್ಮೆ ನಮ್ಮ ಕಡೆ ಬಂದು ಯಾರದಾದರೂ ಮನೆಯಲ್ಲಿ ಪೂಜೆ ಮಾಡಿ ಹೋಗುತ್ತಿದ್ದರು. ಹಾಗಾಗಿ ನನಗೆ ಪಾಠ ಹೇಳುವ ಕೆಲಸವನ್ನು ಆಯಿಯೇ ವಹಿಸಿಕೊಂಡಳು. ಅದಾಗಲೇ ಆಯಿ ಬಚ್ಚಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು. ಮಲಗಿದ್ದಲ್ಲಿಂದಲೇ ಮಾಸ್ತರಿಕೆ. ನಾನು ಕೈಕಟ್ಟಿ ಹಾಸಿಗೆಯ ಪಕ್ಕ ನಿಲ್ಲಬೇಕು.

ಅವ್ವ ಒಣಗಿಸಿಟ್ಟ ಹಪ್ಪಳವನ್ನು ನಾಲ್ಕಾಣೆಯಷ್ಟು ಅಗಲಕ್ಕೆ ಕತ್ತರಿಸಿ, ಅದನ್ನೇ ಪ್ರಸಾದವೆಂದು ಭಾವಿಸಿ ಆಯಿ ನನ್ನ ನಾಲಿಗೆಯ ಮೇಲೆ ಇಡುತ್ತಿದ್ದಳು.

"ಅಗೀಬಾರದು. ತಾನ ಕರಗಬೇಕು."

"ಆಯಿ, ಖಾರ ಐತಿ."

"ಇದ ಹಪ್ಪಳ ಐತಿ, ಖಾರನ ಇರ್ತೈತಿ. ಬಾಯಿ ಮುಚ್ಚು. ಸ್ವಾಮಿ ಒಳಗ ಕುಂತಾನ ಅನ್ಕೋ."

ಆಯಿಗೆ ಪ್ರಸಾದದಲ್ಲಿ ಬರುವ ಯೇಸುವೂ ಸ್ವಾಮಿಯೇ, ಅದನ್ನು ತರುವ ಫಾದರೂ ಸ್ವಾಮಿಯೇ. ದೇವರಾದರೆ "ಸ್ವಾಮಿ ಬರ್ತಾನ", ಫಾದರಾದರೆ "ಸ್ವಾಮ್ಯಾರು ಬರ್ತಾರ". ಇಷ್ಟೇ ವ್ಯತ್ಯಾಸ. ಇಬ್ಬರೂ ಕೂಡಿಯೇ ಬರುವುದರಿಂದ ನನಗೆ ಗೊಂದಲವೇನೂ ಆಗುತ್ತಿರಲಿಲ್ಲ.

ಎಲ್ಲ ಪಾಠಕ್ಕಿಂತ ಆಯಿ ಹೆಚ್ಚು ಒತ್ತಿ ಹೇಳುತ್ತಿದ್ದದ್ದು ನೀರಿನ ವಿಷಯ. ಪ್ರಸಾದ ತೆಗೆದುಕೊಳ್ಳುವ ದಿನ ನಿದ್ದೆಯಿಂದ ಎದ್ದ ಮೇಲೆ ಬಾಯಿಗೆ ಏನೂ ಹೋಗಬಾರದು. ಅನ್ನವಿಲ್ಲ, ಚಹಾ ಇಲ್ಲ, ಒಂದು ಹನಿ ನೀರೂ ಇಲ್ಲ. ಆಯಿ ಸಣ್ಣವಳಿದ್ದಾಗ ಯಾವುದೋ ಗಡ್ಡದ ಪಾದ್ರಿಗಳು ಹಾಗೆ ಕಲಿಸಿದ್ದರಂತೆ. ಅಭ್ಯಾಸವಾಗಲೆಂದು ಪೂಜೆಯ ದಿನ ನನಗೂ ಅದೇ ನೇಮ. ನಾನು ಬಾಯಿ ಮುಕ್ಕಳಿಸುವಾಗ ಆಯಿ ಮಲಗಿದ್ದಲ್ಲಿಂದಲೇ ನನ್ನ ಗಂಟಲನ್ನು ನೋಡುತ್ತಿದ್ದಳು.

"ಒಂದ ಹನಿ ಒಳಗ ಇಳೀತಂದ್ರ ಹೋತು. ಸ್ವಾಮಿ ಬರೂಕಿಂತ ಮೊದಲ ನಾಲಿಗಿ ಮ್ಯಾಲೆ ಮತ್ತೊಬ್ಬರು ಬರಬಾರದು."

"ಬಾಯಾರಿದ್ರ?"

"ಶಿಲುಬಿ ಮ್ಯಾಲೆ ಸ್ವಾಮಿಗೂ ಬಾಯಾರಿತ್ತು. ನೀ ಒಂದ ತಾಸ ತಡ್ಕೊಳ್ಳಾಕ ಆಗೂದಿಲ್ಲೇನು?"

ನನಗೆ ಆ ಮಾತು ಬಹಳ ಹಿಡಿಸಿತು. ಸಾಲೆಯಲ್ಲಿ ನೀರಿನ ಗಂಟೆ ಬಾರಿಸಿದಾಗ ನಾನೊಬ್ಬಳೇ ನಳದ ಹತ್ತಿರ ಹೋಗದೆ ನಿಂತು ಸಂತಳಾಗುವ ಅಭ್ಯಾಸ ಮಾಡಿದೆ. ಗೆಳತಿಯರು ಕುಂಟಬಿಲ್ಲೆಗೆ ಕರೆದರೆ ಬಾಯಿ ಒಣಗಿಸಿಕೊಂಡೇ ಕುಂಟಿದೆ. ಒಂಬತ್ತು ವರ್ಷದ ಹುಡುಗಿಗೆ ಭಕ್ತಿ ಹತ್ತಿತೆಂದರೆ ಅದಕ್ಕಿಂತ ಅಪಾಯದ ವಸ್ತು ಇನ್ನೊಂದಿಲ್ಲ. ಇದನ್ನು ನಾನು ಕಲಿತೇ ಹೇಳುತ್ತಿದ್ದೇನೆ.

ಪಾಸ್ಖಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೆ ಇನ್ನೂ ಎರಡು ವಾರವಿತ್ತು. ಆಯಿ ಊಟ ಬಿಟ್ಟಳು. ಗಂಜಿ ಕೊಟ್ಟರೆ ಎರಡು ಚಮಚೆ, ಅದೂ ಮುಖ ತಿರುಗಿಸಿ. ಆದರೆ ಮಾತು ನೆಟ್ಟಗಿತ್ತು. ಅಪ್ಪನನ್ನು ಕರೆದು ಹೇಳಿದಳು.

"ಪಾಲಪ್ಪಾ, ಸ್ವಾಮ್ಯಾರನ್ನ ಕರಕೊಂಡ ಬಾ. ನಂಗೀಗ ಮತ್ತೇನೂ ಬ್ಯಾಡ. ಸ್ವಾಮಿನ್ನ ಬಾಯಾಗ ಇಟಗೊಂಡ ಹೋಗ್ತೇನಿ."

ಅಪ್ಪನಿಗೆ ಆಗ ರಾತ್ರಿ ಪಾಳಿ. ಮರುದಿನ ಬೆಳಿಗ್ಗೆ ಪಾಳಿ ಬಿಟ್ಟ ಕೂಡಲೇ ಮೊದಲ ಬಸ್ಸಿಗೆ ಮುಧೋಳಕ್ಕೆ ಹೋಗಿ ಫಾದರನ್ನು ಕರೆತರುವುದೆಂದು ನಿಶ್ಚಯವಾಯಿತು. ಅವ್ವನಿಗೆ ಅವತ್ತೇ ಜಮಖಂಡಿಯಲ್ಲಿ ತಿಂಗಳ ಮೀಟಿಂಗು. ತಪ್ಪಿಸುವ ಹಾಗಿರಲಿಲ್ಲ. ನಾನು ಸಾಲೆ ಬಿಟ್ಟು ಆಯಿಯ ಹತ್ತಿರ ಕೂಡುವುದು. ಅವ್ವ ಹೋಗುವಾಗ "ಆಯಿನ್ನ ನೋಡ್ಕೊವಾ, ಹೊರಗ ಆಡಾಕ ಹೋಗಬ್ಯಾಡ" ಎಂದಳು. ನೀರಿನ ಮಾತು ಎತ್ತಲಿಲ್ಲ. ಬಾಯಾರಿದವರಿಗೆ ನೀರು ಕೊಡು ಎಂದು ಯಾರಾದರೂ ಹೇಳಿ ಹೋಗುತ್ತಾರೆಯೇ?

ಅಪ್ಪನ ಪಾಳಿ ಬದಲಿಸುವವನು ಅವತ್ತು ತಡವಾಗಿ ಬಂದ. ಮೊದಲ ಬಸ್ಸು ತಪ್ಪಿತು. ಅಪ್ಪ ಮನೆಗೆ ಬಂದು ಮುಖ ತೊಳೆದವನೇ ಎರಡನೆಯ ಬಸ್ಸಿಗೆ ಓಡಿದ. "ಹತ್ತೂವರಿ ಒಳಗ ಬರ್ತೇವಿ ಯವ್ವಾ" ಎಂದು ಆಯಿಗೆ ಹೇಳಿ ಹೋದ.

ನಾನು ಎಷ್ಟು ಹುರುಪಿನಿಂದ ಅಣಿ ಮಾಡಿದೆ! ಆಯಿಯ ಮುಖ ಒರೆಸಿದೆ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದೆ. ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ ಶಿಲುಬೆ ಇಟ್ಟು ಎರಡೂ ಕಡೆ ಮೇಣದಬತ್ತಿ ನಿಲ್ಲಿಸಿದೆ. ಆಯಿ ಮಲಗಿದ್ದಲ್ಲಿಂದಲೇ ನೋಡಿ "ಶಿಲುಬಿ ಸೊಟ್ಟ ಐತಿ" ಎಂದಳು. ಸರಿಮಾಡಿದೆ. "ಆತು ನೋಡು, ಛಲೋ ಆತು" ಎಂದಳು. ಆಯಿಯ ಬಾಯಿಂದ ಛಲೋ ಎಂಬ ಮಾತು ಸುಲಭಕ್ಕೆ ಬರುತ್ತಿರಲಿಲ್ಲ.

ಹತ್ತು ಗಂಟೆಗೆ ಮನೆಯ ತಗಡು ಕಾಯತೊಡಗಿತು. ಮಾರ್ಚಿನ ಬಿಸಿಲು. ಆಯಿ ಮೊದಲ ಸಲ ನೀರು ಕೇಳಿದ್ದು ಆಗ.

"ಒಂದ ಗುಟುಕ ನೀರ ಕೊಡವಾ."

ನೀರಿನ ಹರಿವಿಯ ತನಕ ಹೋದ ನಾನು ತಿರುಗಿ ಬಂದೆ. "ಆಯಿ, ಸ್ವಾಮಿ ಬರೂದೈತಲ್ಲ!"

ಆಯಿ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. "ಹೌದಲ್ಲ... ಮರತೆ ನೋಡು. ಶಾಣ್ಯಾಕಿ ಅದೀ ನೀ."

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಹೊಗಳಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಹಾಗೆ ಅನಿಸಿತು.

ಹತ್ತೂವರೆ ಆಯಿತು, ಹನ್ನೊಂದಾಯಿತು. ಬಾಗಿಲಿಗೆ ಹೋಗಿ ಓಣಿಯ ತುದಿ ನೋಡುವುದು, ಒಳಗೆ ಬಂದು ಆಯಿಗೆ ಬೀಸಣಿಗೆ ಬೀಸುವುದು. ಆಯಿಯ ಉಸಿರು ಜೋರಾಗಿತ್ತು. ಈ ಸಲ "ನೀರ" ಎಂದಷ್ಟೇ ಅಂದಳು. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಅವಳದೇ ಮಾತು ಹೇಳಿದೆ. "ಸ್ವಾಮಿಗೂ ಶಿಲುಬಿ ಮ್ಯಾಲೆ ಬಾಯಾರಿತ್ತಲ್ಲ ಆಯಿ. ಸ್ವಲ್ಪ ತಡ್ಕೋ. ಸ್ವಾಮಿ ಬರೂತನಕ." ಆಯಿ ಕಣ್ಣು ಮುಚ್ಚಿದಳು. ಸಮಾಧಾನವಾಯಿತು ಎಂದುಕೊಂಡೆ.

ಗಂಗಾ ಕಾಕು ಹಿತ್ತಲ ಬಾಗಿಲಿನಿಂದ ಇಣುಕಿದಳು. ಆಯಿಯ ತುಟಿ ನೋಡಿದವಳೇ ಹರಿವಿಗೆ ಕೈ ಹಾಕಿ ವಾಟಗದಲ್ಲಿ ನೀರು ತುಂಬಿದಳು.

"ಬಾಯಿ ಒಣಗೇತಿ ಇಕಿದು. ಒಂದೀಟ ನೀರ ಬಿಡೂಣು."

ನಾನು ನಡುವೆ ಬಂದು ನಿಂತೆ. ಎರಡೂ ಕೈ ಅಡ್ಡ ಹಿಡಿದೆ. "ಬ್ಯಾಡ ಕಾಕು! ಸ್ವಾಮ್ಯಾರು ಪ್ರಸಾದ ತರ್ತಾರ. ನೀರ ಕುಡದ್ರ ಆಯಿಗಿ ಪ್ರಸಾದ ಕೊಡೂದಿಲ್ಲ. ಆಯಿನ ಹೇಳ್ಯಾಳ."

"ಜೀವಾ ಹೋಗೂವಾಗೂ ಬ್ಯಾಡಂತಾನೇನ ನಿಮ್ಮ ದೇವರು?"

"ಆಯಿಗೇನ ಜೀವಾ ಹೋಗಾಕತ್ತಿಲ್ಲ!" ಎಂದು ನಾನು ಚೀರಿದೆ.

ಕಾಕು ವಾಟಗ ಹಿಡಿದುಕೊಂಡೇ ಬಹಳ ಹೊತ್ತು ನಿಂತಳು. ಸಾಯುವವರ ಬಾಯಿಗೆ ನೀರು ಬಿಡುವುದಕ್ಕಿಂತ ದೊಡ್ಡ ಋಣ ನಮ್ಮ ಸೀಮೆಯಲ್ಲಿ ಇಲ್ಲ. ಅದು ಅವಳಿಗೆ ಗೊತ್ತು. ಆದರೆ ಆಯಿಯ ನೇಮ ಎಂಥದೆಂದೂ ಅವಳಿಗೆ ಗೊತ್ತಿತ್ತು. ನಲವತ್ತು ದಿನ ಎಲೆ-ಅಡಿಕೆ ಬಿಡುವ ಮುದುಕಿಯ ವ್ರತವನ್ನು ತಾನು ಕೆಡಿಸಿದೆ ಎಂದಾಗಬಾರದು ಎಂದು ಅನಿಸಿರಬೇಕು. "ನಿಮ್ಮ ದೇವರ ರೀತಿ ನಿಮಗ ಗೊತ್ತವಾ" ಎಂದು ವಾಟಗವನ್ನು ಆಯಿಯ ತಲೆದಿಂಬಿನ ಹತ್ತಿರ ಇಟ್ಟು ಹೋದಳು.

ಆಮೇಲೆ ಆಯಿ ಮಾತಾಡಲಿಲ್ಲ. ಕಣ್ಣು ತೆರೆದು ಆ ವಾಟಗವನ್ನು ನೋಡಿದಳು. ಕೈ ಸ್ವಲ್ಪ ಎತ್ತಿದಳು. ಆಗ ನಾನು ಮಾಡಿದ್ದನ್ನು ಬರೆಯಲೇಬೇಕು, ಇಲ್ಲದಿದ್ದರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ. ವಾಟಗ ಕಣ್ಣಿಗೆ ಕಂಡರೆ ಆಯಿಗೆ ಆಸೆಯಾಗುತ್ತದೆ ಎಂದು ನಾನು ಅದನ್ನು ಎತ್ತಿಕೊಂಡು ಹೋಗಿ ಒಲೆಯ ಹಿಂದೆ ಇಟ್ಟು ಬಂದೆ. ಆಯಿಗೆ ಸಹಾಯ ಮಾಡಿದೆ ಎಂದೇ ತಿಳಿದಿದ್ದೆ.

ಅಪ್ಪ ಮತ್ತು ಫಾದರ್ ಬಂದಾಗ ಎರಡು ಗಂಟೆ. ಮಹಾಲಿಂಗಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾಗಿ ರಸ್ತೆ ಕಟ್ಟಿತ್ತಂತೆ. ಅರ್ಧ ದಾರಿ ಇಬ್ಬರೂ ಬಿಸಿಲಲ್ಲಿ ನಡೆದೇ ಬಂದಿದ್ದರು. ಫಾದರ್ ಕರಾವಳಿ ಕಡೆಯವರು. ಅವರ ಕನ್ನಡ ರೇಡಿಯೋ ವಾರ್ತೆಯ ಹಾಗಿದೆ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಅವತ್ತು ಯಾರಿಗೂ ಚೇಷ್ಟೆ ಬೇಕಾಗಿರಲಿಲ್ಲ. ಫಾದರ್ ಪ್ರಾರ್ಥನೆ ಹೇಳಿ ಪ್ರಸಾದದ ಒಂದು ಚೂರು ಮುರಿದು ಆಯಿಯ ತುಟಿಯ ಹತ್ತಿರ ತಂದರು. ಆಯಿಗೆ ಗೊತ್ತಾಯಿತು. ಬಾಯಿ ತೆರೆಯಲು ನೋಡಿದಳು. ತುಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೆರಳಿನಿಂದ ಬಿಡಿಸಿದರೆ ಒಳಗೆ ನಾಲಿಗೆ ಒಣಗಿ ಕಟ್ಟಿಗೆಯಾಗಿತ್ತು.

"ನೀರು ತನ್ನಿ, ಬೇಗ" ಎಂದರು ಫಾದರ್. "ಒಂದು ಚಮಚ ಕೊಟ್ಟು ಆಮೇಲೆ ಪ್ರಸಾದ ಕೊಡೋಣ."

ಪ್ರಸಾದಕ್ಕೆ ಮೊದಲು ನೀರು. ಫಾದರೇ ಹೇಳಿದರು.

ಅಪ್ಪ ಓಡಿ ನೀರು ತಂದ. ಚಮಚೆಯಿಂದ ಬಿಟ್ಟ ನೀರು ಬಾಯಿಯ ಮೂಲೆಯಿಂದ ಹರಿದು ದಿಂಬಿಗೆ ಇಳಿಯಿತು. ಮತ್ತೊಂದು ಚಮಚೆ. ಅದೂ ಹೊರಗೆ. ಗಂಟಲು ನುಂಗುವುದನ್ನೇ ಮರೆತುಬಿಟ್ಟಿತ್ತು. ಫಾದರ್ ಸ್ವಲ್ಪ ಹೊತ್ತು ಕಾದರು. ಮತ್ತೆ ನೋಡಿದರು. ಕೊನೆಗೆ ಪ್ರಸಾದದ ಆ ಚೂರನ್ನು ತಿರುಗಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಆ ಮುಚ್ಚಳದ ಸಣ್ಣ ಸದ್ದು ಅಷ್ಟು ಮಗ್ಗಗಳ ನಡುವೆಯೂ ನನಗೆ ಕೇಳಿಸಿತು. ಆಮೇಲೆ ಅವರು ಆಯಿಯ ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು.

"ಬೆಳಿಗ್ಗೆಯಿಂದ ನೀರು ಕುಡಿಸಲಿಲ್ಲವೇ ಮಗು?" ಎಂದು ಮೆತ್ತಗೆ ಕೇಳಿದರು.

"ಕುಡಿಸೇನ್ರಿ" ಎಂದೆ.

ಬಾಗಿಲಲ್ಲಿ ಗಂಗಾ ಕಾಕು ನಿಂತಿದ್ದಳು. ನನ್ನನ್ನು ನೋಡಿದಳು. ಚಹಾ ಕಾಸಲು ತಿರುಗಿ ಹೋದಳು.

ಫಾದರ್ ಹೊರಗೆ ಕಟ್ಟೆಯ ಮೇಲೆ ಕುಳಿತಾಗ ಕಾಕುವೇ ಅವರಿಗೆ ಚಹಾ ತಂದುಕೊಟ್ಟಳು. ಕೊಟ್ಟು ಕೇಳಿದಳು. "ಸ್ವಾಮ್ಯಾರ, ನಿಮ್ಮ ಪ್ರಸಾದ ತಗೊಳ್ಳಾವ್ರು ಅದಕ್ಕಿಂತ ಮೊದಲ ನೀರ ಕುಡೀಬಾರದಂತಲ್ರೀ?"

"ಯಾರು ಹೇಳಿದ್ದು? ಅದು ಹಳೆಯ ಕಾಲದ ನಿಯಮ. ತೆಗೆದುಹಾಕಿ ಎಷ್ಟೋ ವರ್ಷಗಳಾದವು. ನೀರಿನಿಂದ ಉಪವಾಸ ಮುರಿಯುವುದಿಲ್ಲ. ರೋಗಿಗಳಿಗಂತೂ ಯಾವ ಉಪವಾಸವೂ ಇಲ್ಲ."

ಅಪ್ಪ ಪಕ್ಕದಲ್ಲೇ ನಿಂತಿದ್ದ. ನಾನು ಒಳಗೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಹೊತ್ತು ಮುಳುಗುವ ಸಮಯಕ್ಕೆ ಆಯಿ ಹೋದಳು. ಅವ್ವ ಅಷ್ಟರಲ್ಲಿ ಬಂದಿದ್ದಳು. ಓಣಿಯವರು ತಾವಾಗಿ ಮಗ್ಗ ನಿಲ್ಲಿಸಿದರು. ಕರೆಂಟು ಇದ್ದೂ ನಮ್ಮ ಓಣಿ ಸುಮ್ಮನಾದದ್ದನ್ನು ನಾನು ಅವತ್ತೇ ಮೊದಲು ಕಂಡೆ. ನಾನು ಅಳಲಿಲ್ಲ. ಅಳುವುದು ತಪ್ಪು ಮಾಡದವರ ಹಕ್ಕು ಎಂದು ಅನಿಸಿತ್ತು.

ಪಾಸ್ಖ ಹಬ್ಬದ ಹಿಂದಿನ ದಿನ ನನ್ನ ಮೊದಲ ಪಾಪನಿವೇದನೆ. ಫಾದರ್ ಮುಂದೆ ಮೊಣಕಾಲೂರಿ ಕಂಠಪಾಠ ಮಾಡಿದ ಪಾಪಗಳನ್ನು ಒಪ್ಪಿಸಿದೆ. ಅವ್ವನಿಗೆ ಎದುರಾಡಿದೆ, ಗೆಳತಿಯ ಪೆನ್ಸಿಲು ಕದ್ದೆ, ಜಪದ ಹೊತ್ತಿನಲ್ಲಿ ನಕ್ಕೆ. "ಇನ್ನೇನಾದರೂ ಇದೆಯೇ?" ಎಂದರು. ಇಲ್ಲ ಎಂದೆ. ಮೂರು ನಮೋ ಮರಿಯಾ ಹೇಳಲು ಹೇಳಿ ಕಳಿಸಿದರು. ಮರುದಿನ ಬಿಳಿ ಫ್ರಾಕು ತೊಡಿಸುವಾಗ ಅವ್ವ ನೀರಿನ ಲೋಟ ಮುಂದೆ ಹಿಡಿದಳು. "ಕುಡಿಯವಾ, ನೀರ ಕುಡದ್ರ ನಡೀತೈತಿ ಅಂತ ಫಾದರ್ ಹೇಳ್ಯಾರಲ್ಲ." ನನಗೆ ಕುಡಿಯಲು ಆಗಲಿಲ್ಲ. ನನ್ನ ಮೊದಲ ಪ್ರಸಾದ ಅಂಗುಳಕ್ಕೆ ಅಂಟಿಕೊಂಡು ಬಹಳ ಹೊತ್ತು ಕರಗಲಿಲ್ಲ.

ಅಂದಿನಿಂದ ಆಯಿ ತೀರಿದ ದಿನ ಬಂದಾಗಲೆಲ್ಲ ನಾವು ಮೂವರೂ ತೇರದಾಳ ರಸ್ತೆಯ ಪಕ್ಕದ ನಮ್ಮವರ ಸ್ಮಶಾನಕ್ಕೆ, ಆಯಿಯ ಮಣ್ಣಿನ ಹತ್ತಿರ ಹೋಗುತ್ತಿದ್ದೆವು. ಅಪ್ಪ ಹುಲ್ಲು ಕಿತ್ತು, ಮೇಣದಬತ್ತಿ ಹಚ್ಚಿ, ಗಾಳಿಗೆ ಕೈ ಅಡ್ಡ ಹಿಡಿದು ಕೂಡುತ್ತಿದ್ದ. ಆಮೇಲೆ ಪ್ರತಿ ವರ್ಷ ಅದೇ ಮಾತು, ಸ್ವಲ್ಪ ಜೋರಾಗಿ.

"ತಪ್ಪ ನಂದು. ನಾ ತಡಾ ಮಾಡಿದೆ. ಮೊದಲನೇ ಬಸ್ಸಿಗಿ ಹೋಗಿದ್ರ ನಮ್ಮವ್ವ ಸ್ವಾಮಿನ್ನ ಬಾಯಾಗ ಇಟಗೊಂಡ ಹೋಗ್ತಿದ್ಲು. ಮತ್ತ ಯಾರದೂ ತಪ್ಪಿಲ್ಲ."

ಅವ್ವ "ಇರಲಿ ಬಿಡ್ರಿ" ಎನ್ನುತ್ತಿದ್ದಳು. ನಾನು ನೆಲ ನೋಡುತ್ತಿದ್ದೆ. ಅಪ್ಪ ಅದಕ್ಕಾಗಿಯೇ ತಪಸ್ಸುಕಾಲದಲ್ಲಿ ಚಹಾ ಬಿಡತೊಡಗಿದ. ರಾತ್ರಿ ಪಾಳಿಯವನಿಗೆ ಚಹಾ ಬಿಡುವುದೆಂದರೆ ಏನೆಂದು ಆ ಕೆಲಸ ಮಾಡಿದವರನ್ನು ಕೇಳಬೇಕು. ನಲವತ್ತು ದಿನ ಕಣ್ಣು ಕೆಂಪಗೆ ಮಾಡಿಕೊಂಡು ತಿರುಗುತ್ತಿದ್ದ. ಮಾಡದ ತಪ್ಪಿಗೆ ಅಪ್ಪ ತೆರುತ್ತಿದ್ದಾನೆ, ಮಾಡಿದ ನಾನು ಸುಮ್ಮನಿದ್ದೇನೆ. ಪ್ರತಿ ವಿಭೂತಿ ಬುಧವಾರ ಈ ವರ್ಷ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಪಾಸ್ಖ ಬರುತ್ತಿತ್ತು, ಹೋಗುತ್ತಿತ್ತು. ಹತ್ತನೆಯದು ಮುಗಿಯಿತು, ಕಾಲೇಜು ಮುಗಿಯಿತು, ಜಮಖಂಡಿಯಲ್ಲಿ ಟೀಚರ್ ಆದೆ, ಮದುವೆಯಾಯಿತು. ಹೇಳಿದರೆ ಅಪ್ಪ ನನ್ನ ಮುಖ ಹೇಗೆ ನೋಡುತ್ತಾನೆ ಎಂಬ ಹೆದರಿಕೆ ಮಾತ್ರ ಒಂಬತ್ತು ವರ್ಷದ್ದೇ ಆಗಿ ಉಳಿಯಿತು. ಮೊದಲ ಪ್ರಸಾದದ ಮಕ್ಕಳಿಗೆ ಪಾಠ ಹೇಳಲು ಈಗಿನ ಫಾದರ್ ನನ್ನನ್ನು ಎಷ್ಟೋ ಸಲ ಕರೆದಿದ್ದಾರೆ. ನಾನು ಒಲ್ಲೆ ಎನ್ನುತ್ತೇನೆ. ಟೀಚರಾಗಿದ್ದೂ ಇಷ್ಟು ಮಾಡಲು ಆಗುವುದಿಲ್ಲವೇ ಎಂದು ಅವರಿಗೆ ಬೇಸರ.

ಮೂರು ವರ್ಷದ ಹಿಂದೆ ಅಪ್ಪ ಹೋದ. ಹೋಗುವ ಹಿಂದಿನ ದಿನ ಫಾದರ್ ಆಸ್ಪತ್ರೆಗೆ ಪ್ರಸಾದ ತಂದಿದ್ದರು. ನರ್ಸ್ ಲೋಟದಲ್ಲಿ ನೀರು, ಚಮಚೆ ತಂದಿಟ್ಟಳು. ಅವ್ವ ಕೈ ಚಾಚಿದಳು. ಅಪ್ಪ ತಲೆ ಅಲ್ಲಾಡಿಸಿ ನನ್ನ ಕಡೆ ನೋಡಿದ.

"ನೀ ಕುಡಿಸವಾ."

ಕುಡಿಸಿದೆ. ಒಂದು ಚಮಚೆ, ಎರಡು ಚಮಚೆ. ಅಪ್ಪ ನುಂಗಿದ. ಪ್ರಸಾದ ತೆಗೆದುಕೊಂಡ. ಮತ್ತೆ ನನ್ನನ್ನೇ ನೋಡಿ ಇನ್ನೊಂದು ಚಮಚೆ ಎಂದು ಸನ್ನೆ ಮಾಡಿದ. ಮಗಳ ಮೇಲಿನ ಮೋಹ ಎಂದುಕೊಂಡೆ. ಹೇಳಬೇಕಾದ ಮಾತು ಆಗಲೂ ನನ್ನ ಗಂಟಲಿನಲ್ಲಿತ್ತು. ಕೋಣೆಯಲ್ಲಿ ಜನ ಇದ್ದಾರೆ, ನಾಳೆ ಹೇಳಿದರಾಯಿತು ಎಂದು ಬಿಟ್ಟೆ.

ಅಪ್ಪನ ತಿಂಗಳ ಪೂಜೆಗೆ ಬನಹಟ್ಟಿಗೆ ಹೋದಾಗ ಗಂಗಾ ಕಾಕುವನ್ನು ಮಾತಾಡಿಸಲು ಹೋದೆ. ಈಗ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಓಣಿಯಲ್ಲಿ ಮಗ್ಗಗಳೂ ಅರ್ಧಕ್ಕರ್ಧ ನಿಂತಿವೆ, ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ. ನಾನು ಅವಳ ಕೈ ಹಿಡಿದು ಕುಳಿತೆ. ಯಾರ ಮುಂದೂ ಆಡದ ಮಾತು ಅವಳ ಮುಂದೆ ಬಾಯಿಗೆ ಬಂತು.

"ಕಾಕು, ಅವತ್ತ ನೀವು ಸುಮ್ಮ ಇದ್ರಿ. ನನ್ನ ಸುಳ್ಳು ಹೊರಗ ಹಾಕಲಿಲ್ಲ. ಅಪ್ಪಗ ಕಡೀತನಕ ಗೊತ್ತಾಗಲಿಲ್ಲ."

ಕಾಕು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಗೊತ್ತಿರಲಿಲ್ಲ ಅಂತ ಯಾರ ಹೇಳಿದ್ರು ನಿನಗ? ಅವತ್ತ ಸಂಜೀಕನ ಪಾಲಪ್ಪ ಬಂದ ಕೇಳಿದಾ. 'ಅಕ್ಕಾರ, ಫಾದರಿಗೆ ಹಂಗ್ಯಾಕ ಕೇಳಿದ್ರಿ?' ಅಂದಾ. ನಾ ಎಲ್ಲಾ ಹೇಳಿದೆ. ನೀ ಕೈ ಅಡ್ಡ ಹಿಡದದ್ದೂ ಹೇಳಿದೆ. ಇಲ್ಲೇ, ಇದ ಕಟ್ಟಿ ಮ್ಯಾಲೆ ಕುಂತ ಅತ್ತಾ. ಆಮ್ಯಾಲ ಎದ್ದ ನನಗ ಕೈ ಮುಗದಾ. 'ಕೂಸಿನ ಮುಂದ ಎಂದೂ ಅನಬ್ಯಾಡ್ರಿ. ತಪ್ಪ ನಂದಂತ ನಾ ಅಂತೇನಿ. ಆಕಿ ಕಿವಿಗಿ ಬೀಳೂಹಂಗ ಅಂತೇನಿ' ಅಂದಾ."

"ಮತ್ತ ಯಾರದೂ ತಪ್ಪಿಲ್ಲ" ಎಂದು ಅಪ್ಪ ಜೋರಾಗಿ ಹೇಳುತ್ತಿದ್ದದ್ದು ಆಯಿಯ ಮಣ್ಣಿಗಲ್ಲ, ನನಗೆ. ಅವನು ಬಿಟ್ಟ ಚಹಾ ನನ್ನ ಸಲುವಾಗಿ. ವರ್ಷಕ್ಕೊಮ್ಮೆ ನನಗೆ ಕ್ಷಮೆ ಕೊಟ್ಟು ಮನೆಗೆ ಬರುತ್ತಿದ್ದ. ತೆಗೆದುಕೊಳ್ಳಬೇಕಾದವಳು ನೆಲ ನೋಡುತ್ತ ನಿಂತಿರುತ್ತಿದ್ದಳು. ನಾನು ಬಾಯಿ ಬಿಟ್ಟಿದ್ದರೆ ಅವನೂ ಬಿಡುತ್ತಿದ್ದ. ಇಬ್ಬರೂ ಕೂಡಿ ಆಯಿಗಾಗಿ ಒಮ್ಮೆ ಮನಸಾರೆ ಅಳುತ್ತಿದ್ದೆವು.

ಈಗ ಆ ಮನೆಯಲ್ಲಿ ಜಪಮಾಲೆ ಹೇಳುವವರಿಲ್ಲ. ಅವ್ವ ನನ್ನ ಹತ್ತಿರ ಜಮಖಂಡಿಗೆ ಬಂದಿದ್ದಾಳೆ. ನಮ್ಮ ಮನೆಯ ಜಪ ಟಿವಿ ಧಾರಾವಾಹಿಗಳ ನಡುವೆ ಎಲ್ಲೋ ಅವಸರದಲ್ಲಿ ಮುಗಿಯುತ್ತದೆ, ಕೆಲವು ದಿನ ಮುಗಿಯುವುದೂ ಇಲ್ಲ. ಹೋದ ವರ್ಷ ನಾನು ಧೈರ್ಯ ಮಾಡಿ ಪಾಪನಿವೇದನೆಯಲ್ಲಿ ಎಲ್ಲ ಹೇಳಿದೆ. ಫಾದರ್ ಸಮಾಧಾನ ಹೇಳಿದರು. ಒಂಬತ್ತು ವರ್ಷದ ಮಗು ತಿಳಿಯದೆ ಮಾಡಿದ್ದು ಪಾಪವೇ ಅಲ್ಲ ಎಂದರು. ಅದಿರಲಿ ಫಾದರ್, ಎಂದೆ. ಆಯಿಗೆ ನೀರು ಕೊಡದವಳು ಸಣ್ಣ ಹುಡುಗಿ. ಅಪ್ಪನಿಗೆ ಒಂದು ಮಾತು ಕೊಡದವಳು ದೊಡ್ಡವಳು. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಆಯಿ ಹೋದ ಮೇಲೆ ಅಪ್ಪನ ಜೊತೆ ನನಗೆ ಇಪ್ಪತ್ತೆರಡು ತಪಸ್ಸುಕಾಲ ಸಿಕ್ಕವು. ಒಂದರಲ್ಲೂ ಹೇಳಲಿಲ್ಲ.